ಮದುವೆ ಮಾಡಿದರೆ ಸರಿ ಹೋಗುತ್ತಾನಾ?

ಈ ಸಲ ಕ್ರೈಸ್ತ ಕುಟುಂಬಗಳಿಂದ ಬಂದ ಮೂರು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೂರೂ ಸಲಿಂಗ ಪ್ರೀತಿ ಎಂಬ ಒಂದೇ ವಿಷಯದ ಸುತ್ತ ಇವೆ. ಬರೆದವರ ಗುರುತು ಸಿಗದ ಹಾಗೆ ವಿವರಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಮಾನಸಿಕ ರೋಗ ವಿಭಾಗದಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಕಥೋಲಿಕ ಮನೆಯವಳು. ಮದುವೆಗೆ ಮುಂಚೆ ಚರ್ಚ್ ನಡೆಸುವ ತಯಾರಿ ಶಿಬಿರಗಳಲ್ಲಿ ಈಗಲೂ ಪಾಠ ಮಾಡುತ್ತೇನೆ.

ಪ್ರಶ್ನೆ: ಮೇಡಂ, ನಾವು ಉಡುಪಿ ಕಡೆಯ ಕಥೋಲಿಕರು. ಮಗನಿಗೆ 31 ವರ್ಷ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಎಷ್ಟು ಹೆಣ್ಣು ತೋರಿಸಿದರೂ ಬೇಡ ಅನ್ನುತ್ತಿದ್ದ. ಕಳೆದ ಕ್ರಿಸ್‌ಮಸ್‌ಗೆ ಬಂದಾಗ ಅಡುಗೆಮನೆಯಲ್ಲಿ ನನ್ನೊಬ್ಬಳ ಹತ್ತಿರ ವಿಷಯ ಹೇಳಿದ. ಅವನಿಗೆ ಹುಡುಗಿಯರ ಮೇಲೆ ಮನಸ್ಸೇ ಬರುವುದಿಲ್ಲವಂತೆ, ಗಂಡಸರ ಮೇಲೆ ಮಾತ್ರವಂತೆ. ಅವನ ಅಪ್ಪನಿಗೆ ಇನ್ನೂ ಗೊತ್ತಿಲ್ಲ. ತಡೆಯಲಾರದೆ ನನ್ನ ಅಕ್ಕನಿಗೆ ಹೇಳಿದೆ. "ಸುಮ್ನೆ ಮದುವೆ ಮಾಡು, ಎಲ್ಲ ಸರಿ ಹೋಗುತ್ತೆ" ಅನ್ನುತ್ತಾಳೆ ಅವಳು. ಇಲ್ಲದಿದ್ದರೆ ಧ್ಯಾನಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಡುಗಡೆ ಪ್ರಾರ್ಥನೆ ಮಾಡಿಸಬೇಕಂತೆ. ನಾನು ವೇಲಾಂಕಣಿಗೆ ಹರಕೆ ಹೊತ್ತಿದ್ದೇನೆ. ನಮ್ಮ ಧರ್ಮದಲ್ಲಿ ಇದು ದೊಡ್ಡ ಪಾಪ ಅಲ್ವಾ? ನಾನು ಅವನನ್ನು ಬೆಳೆಸಿದ್ದರಲ್ಲಿ ಎಲ್ಲಿ ತಪ್ಪಾಯಿತು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೀವು ಬೆಳೆಸಿದ್ದರಲ್ಲಿ ಏನೂ ತಪ್ಪಾಗಿಲ್ಲ. ತಾಯಿ ಮುದ್ದು ಜಾಸ್ತಿ ಮಾಡಿದಳು, ಅಪ್ಪ ಗಲ್ಫ್‌ನಲ್ಲಿದ್ದ, ಹಾಸ್ಟೆಲ್ಲಿಗೆ ಹಾಕಿದರು ಎಂದು ಜನ ಕಾರಣ ಹುಡುಕುತ್ತಾರೆ. ಅಪ್ಪ ಗಲ್ಫ್‌ನಲ್ಲಿದ್ದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ? ಆ ಮನೆಗಳ ಮಕ್ಕಳೆಲ್ಲ ಹೀಗಾದರಾ? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಎಂದು ಬಾಯಿಬಿಟ್ಟು ಹೇಳಿತು. ಕಾಯಿಲೆಯೇ ಅಲ್ಲದ್ದಕ್ಕೆ ಯಾರು ಅಂಟಿಸಿದರು ಎಂಬ ಪ್ರಶ್ನೆಯೂ ಬರುವುದಿಲ್ಲ.

ಇನ್ನು ಮದುವೆ. ಇದೊಂದು ವಿಷಯದಲ್ಲಿ ನಾನು ನಿಮ್ಮ ಕೈ ಹಿಡಿದು ಬೇಡುತ್ತೇನೆ. ಮಾಡಬೇಡಿ.

ಯಾಕೆ ಅಂದರೆ, ಇಂಥ ಮದುವೆಗೆ ಸಿಕ್ಕಿದ ಹುಡುಗಿಯನ್ನು ನಾನು ನೋಡಿದ್ದೇನೆ. ನಿಮ್ಮ ಅಕ್ಕ ಹೇಳುವ ಲೆಕ್ಕದಲ್ಲಿ ಅವಳು ಬರುವುದೇ ಇಲ್ಲ, ಗಮನಿಸಿ. ನನ್ನ ಹತ್ತಿರ ಮಾತಾಡಲು ಬಂದವಳಿಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಕೈಯಲ್ಲಿ ಒಂದು ದೊಡ್ಡ ಫೈಲು. ಮಕ್ಕಳಾಗಲಿಲ್ಲವೆಂದು ಅತ್ತೆ ಅವಳನ್ನು ಡಾಕ್ಟರಿಂದ ಡಾಕ್ಟರಿಗೆ ಕರೆದುಕೊಂಡು ಹೋಗಿದ್ದರು. ರಕ್ತ ಪರೀಕ್ಷೆ, ಸ್ಕ್ಯಾನ್, ನೋವಿನ ಪರೀಕ್ಷೆಗಳು, ಮಾತ್ರೆಗಳು. ಎಲ್ಲ ವರದಿಗಳೂ ಸರಿಯಾಗಿದ್ದವು. ಗಂಡ ಅವಳನ್ನು ಮುಟ್ಟಿಯೇ ಇರಲಿಲ್ಲ. ಅದನ್ನು ಅತ್ತೆಗೆ ಹೇಳಲು ಅವಳಿಗೆ ನಾಚಿಕೆ, ಡಾಕ್ಟರಿಗೆ ಹೇಳಲು ಭಯ. ತನ್ನಲ್ಲೇ ಏನೋ ಕೊರತೆ ಇದೆ ಎಂದು ನಂಬಿ ಆ ಮಾತ್ರೆಗಳನ್ನೆಲ್ಲ ನುಂಗಿದ್ದಳು. ಗಂಡ ಕೆಟ್ಟವನಲ್ಲ. ಅವನೂ ಅಮ್ಮ ಅಳುತ್ತಾಳೆಂದು ತಾಳಿಗೆ, ಉಂಗುರಕ್ಕೆ ಕೈ ಚಾಚಿದವನು. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ತೆಂಗಿನಹಾಲು ಹಚ್ಚಿಸಿಕೊಂಡು ನಗುತ್ತಾ ಕುಳಿತ ಫೋಟೋ ಅವಳ ಫೋನಿನಲ್ಲಿ ಇನ್ನೂ ಇತ್ತು. ಇಬ್ಬರೂ ಒಳ್ಳೆಯವರೇ. ಇಬ್ಬರ ಬದುಕೂ ಕೆಟ್ಟಿತು. ಕೆಡಿಸಿದ್ದು ಆ "ಸುಮ್ನೆ ಮದುವೆ ಮಾಡು" ಎಂಬ ಸಲಹೆ.

ನಮ್ಮ ಧರ್ಮಸಭೆಯೂ ಇಂಥ ಮದುವೆಯನ್ನು ಒಪ್ಪುವುದಿಲ್ಲ, ಗೊತ್ತಾ? ಚರ್ಚ್ ಕಾನೂನಿನ 1098ನೇ ನಿಯಮ ಓದಿ. ದಾಂಪತ್ಯವನ್ನೇ ಅಲ್ಲಾಡಿಸುವಂಥ ವಿಷಯವನ್ನು ಬೇಕೆಂದೇ ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಆ ಮದುವೆ ಮದುವೆಯೇ ಅಲ್ಲ ಅನ್ನುತ್ತದೆ ಅದು. ಪೀಠದ ಮುಂದೆ ಪಾದ್ರಿಗಳು "ಸ್ವಇಚ್ಛೆಯಿಂದ ಬಂದಿದ್ದೀರಾ" ಎಂದು ಕೇಳುತ್ತಾರಲ್ಲ, ಆಗ ನಿಮ್ಮ ಮಗ ಏನು ಹೇಳಬೇಕು? ದೇವರ ಮುಂದೆ ಸುಳ್ಳು ಹೇಳಿಸಿ, ಒಬ್ಬಳು ಅಮಾಯಕಳನ್ನು ಅದರೊಳಗೆ ಎಳೆದು, ಪಾಪದಿಂದ ತಪ್ಪಿಸಿದೆ ಅನ್ನಲು ಆಗುತ್ತಾ?

ಧ್ಯಾನಕೇಂದ್ರದ ವಿಷಯ. ಪ್ರಾರ್ಥನೆ ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ದೆವ್ವ ಬಿಡಿಸುತ್ತೇವೆ ಎಂದು ತಲೆ ಮೇಲೆ ಕೈಯಿಟ್ಟು ಕೂಗುವುದು ಬೇರೆ. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ವಿಶೇಷ ಅನುಮತಿ ಇಲ್ಲದೆ ಯಾವ ಪಾದ್ರಿಯೂ ಭೂತೋಚ್ಚಾಟನೆ ಮಾಡುವಂತಿಲ್ಲ. ಇದೂ ಚರ್ಚ್ ಕಾನೂನೇ, 1172ನೇ ನಿಯಮ. ಸಲಿಂಗ ಆಕರ್ಷಣೆಯನ್ನು ಪ್ರಾರ್ಥನೆಯಿಂದ ಬದಲಾಯಿಸುತ್ತೇವೆ ಎಂದು ಅಮೆರಿಕದಲ್ಲಿ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಕ್ರೈಸ್ತ ಸಂಸ್ಥೆ ದಶಕಗಳ ಕಾಲ ಕೆಲಸ ಮಾಡಿತು. 2013ರಲ್ಲಿ ಅದರ ಮುಖ್ಯಸ್ಥ ಅಲನ್ ಚೇಂಬರ್ಸ್ ಎಲ್ಲರ ಕ್ಷಮೆ ಕೇಳಿದರು, ಸಂಸ್ಥೆಯನ್ನು ಮುಚ್ಚಿದರು. ಅಷ್ಟು ವರ್ಷ ಅಷ್ಟು ಭಕ್ತಿಯಿಂದ ಮಾಡಿದವರೇ ಕೈ ಚೆಲ್ಲಿದ ಕೆಲಸ ಅದು. ಡಾಕ್ಟರೊಬ್ಬರು ಔಷಧಿ ಕೊಟ್ಟು ಬದಲಾಯಿಸುತ್ತೇನೆ ಎಂದರೆ ಅವರ ಹತ್ತಿರವೂ ಹೋಗಬೇಡಿ. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ "ಚಿಕಿತ್ಸೆ"ಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥ ಹುಡುಗರನ್ನು ತಂದೆ ತಾಯಿ ವಾರ್ಡಿಗೆ ತಂದು ಬಿಡುತ್ತಿದ್ದರು. ನಿದ್ದೆ ಮಾತ್ರೆಯಿಂದ ಮಂಕಾಗಿ ಮನೆಗೆ ಹೋಗುತ್ತಿದ್ದರು ಅಷ್ಟೆ. ಯಾರ ಮನಸ್ಸೂ ಹುಡುಗಿಯರ ಕಡೆ ತಿರುಗಿದ್ದನ್ನು ನಾನು ಕಾಣಲಿಲ್ಲ.

ಈಗ ಪಾಪದ ಪ್ರಶ್ನೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸಲಿಂಗ ಸಂಬಂಧವನ್ನು ಕಥೋಲಿಕ ಧರ್ಮೋಪದೇಶ, ಅಂದರೆ ನಮ್ಮ ಸಭೆಯ ಅಧಿಕೃತ ಬೋಧನೆಯ ಪುಸ್ತಕ, ಒಪ್ಪುವುದಿಲ್ಲ. ಇಂಥವರು ಬ್ರಹ್ಮಚರ್ಯದಿಂದ ಬಾಳಬೇಕು ಅನ್ನುತ್ತದೆ. ಆದರೆ ಮನಸ್ಸು ಹಾಗಿರುವುದನ್ನೇ ಅದು ಪಾಪ ಅನ್ನುವುದಿಲ್ಲ. ಅದೇ ಧರ್ಮೋಪದೇಶದ 2358ನೇ ಪರಿಚ್ಛೇದದಲ್ಲಿ ಇವರನ್ನು ಗೌರವದಿಂದ, ಕರುಣೆಯಿಂದ, ಮನಸ್ಸು ನೋಯದ ಹಾಗೆ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವ ತೋರಿಸಬಾರದು ಎಂದಿದೆ. ಈ ಎರಡನೆಯ ಭಾಗವನ್ನು ಪ್ರಸಂಗದಲ್ಲಿ ನಾನು ಕೇಳಿದ್ದು ತೀರಾ ಕಡಿಮೆ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನನ್ನು ಉಳಿಸಿಕೊಂಡಾಗ, ಆಗ ಮುಂಬಯಿಯ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಒಸ್ವಾಲ್ಡ್ ಗ್ರೇಶಿಯಸ್ ಮಾತಾಡಿದರು. ಇವರ ಮದುವೆಗೆ ಚರ್ಚಿನ ವಿರೋಧವಿದೆ, ಆದರೆ ಇವರನ್ನು ಅಪರಾಧಿಗಳೆಂದು ಚರ್ಚ್ ಯಾವತ್ತೂ ಎಣಿಸಿಲ್ಲ ಎಂದರು. ಪೋಪ್ ಫ್ರಾನ್ಸಿಸರು ಅದೇ ವರ್ಷ ಬ್ರೆಜಿಲ್‌ನಿಂದ ಮರಳುವಾಗ ವಿಮಾನದಲ್ಲಿ, ದೇವರನ್ನು ಹುಡುಕುವ ಇಂಥ ಮನುಷ್ಯನಿಗೆ ತೀರ್ಪು ಕೊಡಲು ನಾನು ಯಾರು ಎಂದು ಕೇಳಿದ್ದರು. 2023ರ ಡಿಸೆಂಬರ್ 18ರಂದು ವ್ಯಾಟಿಕನ್ ಇನ್ನೂ ಒಂದು ಹೆಜ್ಜೆ ಇಟ್ಟಿತು. ಮದುವೆಯಂತೆ ಕಾಣದ ರೀತಿಯಲ್ಲಿ, ಸಹಜವಾಗಿ, ಇಂಥ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದು ಎಂದಿತು. ಬೋಧನೆ ಬದಲಾಗಿಲ್ಲ. ಬಾಗಿಲು ಮುಚ್ಚಿಯೂ ಇಲ್ಲ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಧರ್ಮಸಭೆ ಇನ್ನೂ ಮುಂದೆ ಬರಬೇಕು ಎಂದೇ ಹೇಳುತ್ತೇನೆ. ಒಬ್ಬ ಪಾದ್ರಿಯೋ ಸಿಸ್ಟರೋ ತಾವಾಗಿ ಆರಿಸಿಕೊಳ್ಳುವ ಬ್ರಹ್ಮಚರ್ಯವನ್ನು, ಕೇಳದೇ ಇರುವ ಒಬ್ಬ ಸಾಫ್ಟ್‌ವೇರ್ ಹುಡುಗನ ಮೇಲೆ ಜೀವನಪೂರ್ತಿ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ನೀವು ಇದನ್ನು ಒಪ್ಪಬೇಕಿಲ್ಲ. ಒಪ್ಪದೆಯೂ ಮಗನನ್ನು ಮಗನ ಹಾಗೆ ನೋಡಿಕೊಳ್ಳಬಹುದು.

ಏನು ಮಾಡಬೇಕು ಅಂದರೆ, ಈ ವಾರ ಅವನಿಗೆ ಫೋನ್ ಮಾಡಿ. ಊಟ ಆಯ್ತಾ ಎಂದು ಕೇಳುವ ಮಾಮೂಲಿ ಫೋನೇ ಸಾಕು. ಅಡುಗೆಮನೆಯ ಆ ಮಾತಿನ ನಂತರ ನಿಮ್ಮ ದನಿ ಬದಲಾಗಿದೆಯಾ ಎಂದು ಅವನು ಪ್ರತಿ ಸಲವೂ ಕಿವಿಗೊಟ್ಟು ಕೇಳುತ್ತಿರುತ್ತಾನೆ. ಅಪ್ಪನಿಗೆ ಯಾವಾಗ ಹೇಳಬೇಕು ಎನ್ನುವುದು ಅವನ ತೀರ್ಮಾನ. ನೀವು ಮುಂಚೆ ಹೇಳಬೇಡಿ. ಅಕ್ಕನಿಗೂ ಇನ್ನು ಇದನ್ನು ಯಾರ ಹತ್ತಿರವೂ ಆಡಬೇಡ ಎಂದು ಖಡಾಖಂಡಿತ ಹೇಳಿ. ಹೆಣ್ಣು ನೋಡುವುದನ್ನು ನಿಲ್ಲಿಸಿ, ಬ್ರೋಕರಿಗೆ ಕೊಟ್ಟ ಫೋಟೋ ವಾಪಸ್ ತೆಗೆದುಕೊಳ್ಳಿ. ಕೇಳಿದವರಿಗೆ "ಅವನಿಗೆ ಈಗ ಮದುವೆ ಬೇಡವಂತೆ" ಎಂದರೆ ಸಾಕು, ಅದು ಸುಳ್ಳೂ ಅಲ್ಲ.

ವೇಲಾಂಕಣಿಗೆ ಖಂಡಿತ ಹೋಗಿ. ಅತ್ತೂರಿಗೂ ಹೋಗಿ ಮೋಂಬತ್ತಿ ಹಚ್ಚಿ. ಹರಕೆಯ ಮಾತನ್ನು ಮಾತ್ರ ಬದಲಾಯಿಸಿಕೊಳ್ಳಿ. ಅವನಿಗೆ ಒಂಟಿತನ ಕಾಡದಿರಲಿ, ದೂರದ ಊರಿನಲ್ಲಿ ಅವನ ಜೊತೆ ಒಳ್ಳೆಯವರು ಇರಲಿ ಎಂದು ಬೇಡಿಕೊಳ್ಳಿ.

ಪ್ರಶ್ನೆ: ಆಂಟಿ, ನನಗೆ 20 ವರ್ಷ. ಧಾರವಾಡದ ಕಡೆಯವನು, ಸಿಎಸ್‌ಐ (ದಕ್ಷಿಣ ಭಾರತ ಸಭೆ). ಸಂಡೇ ಸ್ಕೂಲಿನಿಂದ ಗಾಯನ ಮಂಡಳಿಯವರೆಗೆ ಎಲ್ಲದರಲ್ಲೂ ಇದ್ದೇನೆ. ನಾನು ಗೇ ಎಂದು ಹೈಸ್ಕೂಲಿನಲ್ಲೇ ಗೊತ್ತಾಗಿದೆ. ಯಾರಿಗೂ ಹೇಳಿಲ್ಲ. ಹೋದ ಬೇಸಿಗೆಯ ಯೂಥ್ ಕ್ಯಾಂಪಿನಲ್ಲಿ ಹೊರಗಿನಿಂದ ಬಂದ ಬೋಧಕರು ಸೊದೋಮಿನ ಕಥೆ ಹೇಳಿ, ಇಂಥವರಿಗೆ ನರಕವೇ ಗತಿ ಅಂದರು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ಅವತ್ತಿನಿಂದ ಕರ್ತನ ಭೋಜನಕ್ಕೆ ಎದ್ದು ಹೋಗಲು ಆಗುತ್ತಿಲ್ಲ. ಹಾಡಲು ನಿಂತರೆ ಗಂಟಲು ಕಟ್ಟುತ್ತದೆ. ಕೆಲವು ರಾತ್ರಿ ಬದುಕೇ ಬೇಡ ಅನ್ನಿಸುತ್ತದೆ. ದೇವರು ನನ್ನನ್ನು ಕೈ ಬಿಟ್ಟಿದ್ದಾನಾ?

ಉತ್ತರ: ಮಗೂ, ಇಲ್ಲ. ಬಿಟ್ಟಿಲ್ಲ.

ಮೊದಲು ನಿನ್ನ ರಾತ್ರಿಗಳ ಬಗ್ಗೆ. 14416 ಎಂಬ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೋ. ಇದು ಸರ್ಕಾರದ ಟೆಲಿ ಮಾನಸ್ ಸೇವೆ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನಿಸಿದ ರಾತ್ರಿ ಬೆಳಗಾಗಲಿ ಎಂದು ಕಾಯಬೇಡ, ಆಗಲೇ ಮಾಡು. ಹೆದರಿಕೆ ತುಂಬಾ ಜಾಸ್ತಿ ಆದರೆ ಪಕ್ಕದಲ್ಲಿ ಯಾರಾದರೂ ಇರುವ ಹಾಗೆ ನೋಡಿಕೋ. ಕಾರಣ ಹೇಳಬೇಕಿಲ್ಲ, "ಇವತ್ತು ಒಬ್ಬನೇ ಇರೋಕೆ ಆಗ್ತಿಲ್ಲ" ಅಂದರೆ ಸಾಕು.

ಈಗ ಸೊದೋಮ್. ಬೈಬಲ್ ತೆಗೆದು ಆದಿಕಾಂಡದ 19ನೇ ಅಧ್ಯಾಯವನ್ನು ನೀನೇ ನಿಧಾನವಾಗಿ ಓದು. ಊರಿನ ಗಂಡಸರೆಲ್ಲ ಗುಂಪುಗೂಡಿ, ಆಶ್ರಯ ಕೇಳಿ ಬಂದ ಪರದೇಶಿಗಳನ್ನು ಹೊರಗೆ ಎಳೆದು ಬಲಾತ್ಕಾರ ಮಾಡಲು ಬಾಗಿಲು ಬಡಿಯುತ್ತಾರೆ. ಅದು ಗುಂಪು ಅತ್ಯಾಚಾರದ ಕಥೆ. ಒಬ್ಬನನ್ನು ಮನಸಾರೆ ಮೆಚ್ಚಿ, ಯಾರಿಗೂ ಹೇಳಲಾರದೆ ಹಾಡಿನ ಪುಸ್ತಕ ಹಿಡಿದು ನಿಂತ ನಿನಗೂ ಆ ಗುಂಪಿಗೂ ಏನು ಸಂಬಂಧ? ಪ್ರವಾದಿ ಯೆಹೆಜ್ಕೇಲನು 16ನೇ ಅಧ್ಯಾಯದ 49ನೇ ವಚನದಲ್ಲಿ ಸೊದೋಮಿನ ದೋಷ ಏನೆಂದು ಎಣಿಸುತ್ತಾನೆ. ಸೊಕ್ಕು, ಹೊಟ್ಟೆ ತುಂಬ ಊಟ, ಹಾಯಾದ ಬದುಕು ಇದ್ದೂ ಬಡವರ ಕೈ ಹಿಡಿಯದೇ ಹೋದದ್ದು. ಅಸಹ್ಯ ಕಾರ್ಯ ಎಂಬ ಮಾತು ಅದರ ಮುಂದಿನ ವಚನದಲ್ಲಿ ಬರುತ್ತದೆ, ನಿಜ. ಆದರೆ ಪ್ರವಾದಿ ಮೊದಲು ಎತ್ತಿದ್ದು ಬಡವರ ಮಾತನ್ನು. ನಿಮ್ಮ ಕ್ಯಾಂಪಿನಲ್ಲಿ ಆ ವಚನ ಯಾರಾದರೂ ಓದಿದರಾ?

ಸೊದೋಮ್ ಒಂದೇ ಅಲ್ಲ, ಬೇರೆ ವಚನಗಳೂ ಇವೆ. ನಿನ್ನಿಂದ ಮುಚ್ಚಿಡುವುದಿಲ್ಲ. ಯಾಜಕಕಾಂಡದ 18 ಮತ್ತು 20ನೇ ಅಧ್ಯಾಯಗಳಲ್ಲಿ ಗಂಡಸು ಗಂಡಸಿನ ಜೊತೆ ಮಲಗುವುದಕ್ಕೆ ನಿಷೇಧ ಇದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೂ ಖಂಡಿಸಿದ್ದಾನೆ. ಇವು ಎಲ್ಲ ಕಾಲಕ್ಕೂ ಅನ್ವಯಿಸುವ ಮಾತು ಎಂದು ಓದುವ ಪ್ರಾಮಾಣಿಕ ಭಕ್ತರು ಇದ್ದಾರೆ. ಆ ಕಾಲದ ವಿಗ್ರಹಾರಾಧನೆ, ಹುಡುಗರನ್ನು ಬಳಸಿಕೊಳ್ಳುತ್ತಿದ್ದ ಪದ್ಧತಿ, ಗುಲಾಮರ ಮೇಲಿನ ದಬ್ಬಾಳಿಕೆ ಪೌಲನ ಕಣ್ಣ ಮುಂದಿತ್ತು, ಇಬ್ಬರು ಸಮಾನರು ನಿಷ್ಠೆಯಿಂದ ಬಾಳುವುದನ್ನು ಅವನು ಉದ್ದೇಶಿಸಿರಲಿಲ್ಲ ಎಂದು ಓದುವವರೂ ಅಷ್ಟೇ ಪ್ರಾಮಾಣಿಕರು. ನನಗೆ ಎರಡನೆಯ ಓದು ಸರಿ ಅನ್ನಿಸುತ್ತದೆ. ಆದರೆ ಒಂದು ವಿಷಯದಲ್ಲಿ ಎರಡು ಕಡೆಯವರೂ ಒಪ್ಪಲೇಬೇಕು. ರೋಮಾಪುರದ ಪತ್ರದ ಮೊದಲ ಅಧ್ಯಾಯ ಮುಗಿದ ಕೂಡಲೇ ಎರಡನೆಯ ಅಧ್ಯಾಯದ ಮೊದಲ ವಚನ ಇನ್ನೊಬ್ಬರಿಗೆ ತೀರ್ಪು ಮಾಡುವವನ ಕಡೆಗೇ ಬೆರಳು ತಿರುಗಿಸುತ್ತದೆ. ಇತರರ ಪಟ್ಟಿ ಕೇಳಿ ತಲೆದೂಗುತ್ತಾ ಕುಳಿತವನನ್ನು ಪೌಲ ಎಬ್ಬಿಸಿ ನಿಲ್ಲಿಸುತ್ತಾನೆ. ಪೌಲನು ಅಧ್ಯಾಯಗಳಾಗಿ ಬರೆಯಲಿಲ್ಲ, ಅದನ್ನು ವಿಂಗಡಿಸಿದ್ದು ಎಷ್ಟೋ ಶತಮಾನಗಳ ನಂತರ. ಹಾಗಾಗಿ ಅಲ್ಲಿ ನಿಲ್ಲಿಸದೆ ಓದಬೇಕು.

ನೀನು ಓದಲೇಬೇಕಾದ ಇನ್ನೊಂದು ಕಥೆ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿದೆ. ಐಥಿಯೋಪ್ಯದ ಕಂಚುಕಿಯ, ಅಂದರೆ ಬೀಜ ಒಡೆಸಿಕೊಂಡ ಅರಮನೆ ಅಧಿಕಾರಿಯ, ಕಥೆ, ಸಂಡೇ ಸ್ಕೂಲಿನಲ್ಲಿ ಕೇಳಿರುತ್ತೀಯ. ಅವನು ಗೇ ಎಂದು ನಾನು ಹೇಳುತ್ತಿಲ್ಲ. ಆದರೆ ಬೀಜ ಒಡೆಸಿಕೊಂಡ ಗಂಡಸು ಕರ್ತನ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡ 23ನೇ ಅಧ್ಯಾಯದಲ್ಲಿ ಬರೆದಿತ್ತು. ಅಂಥವನೊಬ್ಬ ಯೆರೂಸಲೇಮಿನ ತನಕ ಆರಾಧನೆಗೆ ಹೋಗಿ, ಮರಳುವ ದಾರಿಯಲ್ಲಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ಅದೇ ಗ್ರಂಥದ 56ನೇ ಅಧ್ಯಾಯದಲ್ಲಿ ದೇವರು ಇಂಥವರಿಗೆ ನನ್ನ ಮನೆಯೊಳಗೆ ಮಕ್ಕಳಿಗಿಂತ ಉತ್ತಮವಾದ ಹೆಸರು ಕೊಡುತ್ತೇನೆ ಅನ್ನುತ್ತಾನೆ. ದಾರಿಯಲ್ಲಿ ನೀರು ಕಂಡದ್ದೇ ಅವನು, ಸುವಾರ್ತೆ ಸಾರುತ್ತಾ ಜೊತೆಗೂಡಿದ್ದ ಫಿಲಿಪ್ಪನನ್ನು ಕೇಳುತ್ತಾನೆ, ನನಗೆ ದೀಕ್ಷಾಸ್ನಾನ ಕೊಡಲು ಅಡ್ಡಿ ಏನು ಎಂದು. ಫಿಲಿಪ್ಪನು ಹಳೆಯ ನಿಯಮ ತೆಗೆದು ತೋರಿಸಲಿಲ್ಲ. ಜೊತೆಗೆ ನೀರಿಗಿಳಿದ. ನಾನು ಈ ಅಧ್ಯಾಯವನ್ನು ಎಷ್ಟು ಜನರಿಗೆ ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ಓದುವಾಗ ನನಗೂ ಪ್ರತಿ ಸಲ ಕಣ್ಣು ತುಂಬುತ್ತದೆ.

ನಿನ್ನ ಸಭೆಯ ವಿಷಯವನ್ನೂ ತಿಳಿದಿರು. ಸಿಎಸ್‌ಐ ಇಂಥ ಮದುವೆ ಮಾಡುವುದಿಲ್ಲ. ದೇಶದ ಕಾನೂನಿನಲ್ಲೂ ಅವಕಾಶ ಇಲ್ಲ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಸಂಸತ್ತಿಗೆ ಬಿಟ್ಟಿತು. ಆದರೆ ನಿಮ್ಮ ಸಭೆ ಸೇರಿರುವ ಜಗತ್ತಿನ ಆಂಗ್ಲಿಕನ್ ಬಳಗದಲ್ಲಿ ಈ ಚರ್ಚೆ ದಶಕಗಳಿಂದ ನಡೆಯುತ್ತಲೇ ಇದೆ. 2003ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ, ತಾನು ಗೇ ಎಂದು ಮುಚ್ಚಿಡದ ಜೀನ್ ರಾಬಿನ್ಸನ್ ಬಿಷಪ್ ಆದರು. ಬಳಗವೇ ಒಡೆಯುತ್ತದೋ ಎನ್ನುವಷ್ಟು ಜಗಳವಾಯಿತು. ಇಂಗ್ಲೆಂಡಿನ ಸಭೆ 2023ರ ಕೊನೆಯಿಂದ ಇಂಥ ಜೋಡಿಗಳಿಗೆ ಆರಾಧನೆಯಲ್ಲಿ ಆಶೀರ್ವಾದದ ಪ್ರಾರ್ಥನೆ ಮಾಡುತ್ತಿದೆ, ಮದುವೆ ಮಾತ್ರ ಮಾಡುವುದಿಲ್ಲ. ಆಫ್ರಿಕದ ಹಲವು ಸಭೆಗಳು ಇದನ್ನು ಬಲವಾಗಿ ವಿರೋಧಿಸುತ್ತವೆ. ಇಷ್ಟು ದೊಡ್ಡ ದೊಡ್ಡ ಬಿಷಪ್ಪರು ಕೂತು ಇನ್ನೂ ತೀರ್ಮಾನಿಸಲಾಗದ ವಿಷಯವನ್ನು ಕ್ಯಾಂಪಿಗೆ ಬಂದ ಒಬ್ಬ ಬೋಧಕರು ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರೆ ಅದನ್ನು ದೇವರ ಕೊನೆಯ ಮಾತು ಎಂದು ತಿಳಿಯಬೇಡ.

ಮುಂದೆ ಒಂಟಿಯಾಗಿ ಬಾಳಬೇಕಾ, ಸಂಗಾತಿಯ ಜೊತೆ ಬಾಳಬೇಕಾ ಎಂದು 20ನೇ ವಯಸ್ಸಿನಲ್ಲಿ ತೀರ್ಮಾನಿಸುವ ಅವಸರ ಇಲ್ಲ. ಎರಡೂ ರೀತಿ ಬಾಳುತ್ತಿರುವ ದೈವಭಕ್ತರನ್ನು ನಾನು ಬಲ್ಲೆ. ಮನೆಯಲ್ಲಿ ಹೇಳುವ ಅವಸರವೂ ಬೇಡ. ಓದು ಮುಗಿಯಲಿ, ನಿನ್ನ ಅನ್ನ ನೀನು ದುಡಿಯುವಂತಾಗಲಿ. ಅಲ್ಲಿಯವರೆಗೆ ಒಬ್ಬರಾದರೂ ಗೊತ್ತಿರುವವರು ಬೇಕು. ಬೆಂಗಳೂರಿನಲ್ಲಿ 1994ರಿಂದ ಗುಡ್ ಆ್ಯಸ್ ಯೂ ಎಂಬ ಗೆಳೆಯರ ಗುಂಪು ಇದೆ. ಹುಡುಕಿದರೆ ಸಿಗುತ್ತದೆ. ಆ್ಯಪ್‌ಗಳಲ್ಲಿ ಸಿಕ್ಕವರನ್ನು ಮಾತ್ರ ಗುರುತು ಪರಿಚಯ ಇಲ್ಲದೆ ಒಬ್ಬನೇ ಹೋಗಿ ಭೇಟಿ ಮಾಡಬೇಡ. ಹಾಗೆ ಕರೆಸಿ, ಫೋಟೋ ತೆಗೆದು, ಮನೆಗೆ ಹೇಳುತ್ತೇವೆ ಎಂದು ಹೆದರಿಸಿ ದುಡ್ಡು ಕೀಳುವವರು ಇದ್ದಾರೆ. ಹಾಗೇನಾದರೂ ಆದರೆ ದುಡ್ಡು ಕೊಡಬೇಡ, ಮೆಸೇಜು ಅಳಿಸಬೇಡ. ಹೆದರಿಸಿ ದುಡ್ಡು ಕೀಳುವುದು ಅಪರಾಧ, ನೀನು ಗೇ ಆಗಿರುವುದು ಅಪರಾಧವಲ್ಲ.

ಮುಂದಿನ ಸಲ ಕರ್ತನ ಭೋಜನವಿದ್ದಾಗ ಎದ್ದು ಹೋಗು. ಹೋಗಿ ಬಂದು ನನಗೆ ಬರೆ.

ಪ್ರಶ್ನೆ: ನಾನು ದಕ್ಷಿಣ ಕನ್ನಡದ ಒಂದು ಚರ್ಚಿನಲ್ಲಿ ನಮ್ಮ ವಾರ್ಡಿನ ಗುರ್ಕಾರ, ಅಂದರೆ ಮುಖಂಡ. ಇಬ್ಬರು ಹೆಣ್ಣುಮಕ್ಕಳು ನಮ್ಮ ವಾರ್ಡಿನಲ್ಲಿ ಒಟ್ಟಿಗೆ ಮನೆ ಮಾಡಿದ್ದಾರೆ. ಸ್ನೇಹಿತೆಯರು ಅನ್ನುತ್ತಾರೆ, ಆದರೆ ಜನ ಬೇರೆ ಮಾತಾಡುತ್ತಾರೆ. ಅಕ್ಟೋಬರಿನಲ್ಲಿ ಜಪಮಾಲೆ ಪ್ರಾರ್ಥನೆ ಮನೆಯಿಂದ ಮನೆಗೆ ಹೋಗುತ್ತದೆ. ಅವರ ಮನೆಗೆ ಸರದಿ ಕೊಡಬಾರದು ಎಂದು ಕೆಲವರ ಒತ್ತಾಯ. ನನಗನ್ನಿಸುವ ಪ್ರಕಾರ ಇದೆಲ್ಲ ಪರದೇಶದಿಂದ ಬಂದ ಚಾಳಿ. ಏನು ಮಾಡಲಿ?

ಉತ್ತರ: ಗುರ್ಕಾರರೇ, ಪರದೇಶದಿಂದ ಬಂದದ್ದು ಇದನ್ನು ಅಪರಾಧ ಮಾಡಿದ ಕಾನೂನು. ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ 377ನೇ ಸೆಕ್ಷನ್ ಬರೆದಿಟ್ಟರು. ಒಪ್ಪಿಗೆಯಿರುವ ವಯಸ್ಕರಿಗೆ ಅದು ಅನ್ವಯಿಸುವುದಿಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಇಂಥ ಮನುಷ್ಯರಂತೂ ಎಲ್ಲ ಊರಿನಲ್ಲೂ ಎಲ್ಲ ಕಾಲದಲ್ಲೂ ಇದ್ದರು. ನಿಮ್ಮ ಬಾಲ್ಯದಲ್ಲಿ ಮದುವೆಯಾಗದೆ ಉಳಿದ ಎಷ್ಟೋ ಅಂಕಲ್, ಆಂಟಿಗಳ ಮನಸ್ಸಿನಲ್ಲಿ ಏನಿತ್ತು ಎಂದು ಯಾರು ಕೇಳಿದರು?

ಆ ಇಬ್ಬರು ಸ್ನೇಹಿತೆಯರೋ ಅದಕ್ಕಿಂತ ಹೆಚ್ಚೋ ನಮಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದು ಗುರ್ಕಾರರ ಕೆಲಸವೂ ಅಲ್ಲ. ವಾರ್ಡಿನ ಬೇರೆ ಯಾವ ಮನೆಗೂ ಸರದಿ ಕೊಡುವ ಮುಂಚೆ ನೀವು ಮಲಗುವ ಕೋಣೆಯ ವಿಚಾರಣೆ ಮಾಡಿಲ್ಲ. ಕುಡಿದು ಹೆಂಡತಿಗೆ ಹೊಡೆಯುವವನ ಮನೆಯಲ್ಲೂ ಜಪಮಾಲೆ ಹೇಳಿ, ಕಡಲೆ ಬೆಲ್ಲ ತಿಂದು ಬಂದಿದ್ದೇವೆ. ಒತ್ತಾಯ ಮಾಡುವವರಿಗೆ ಪಾದ್ರಿಗಳ ಹತ್ತಿರ ಹೋಗಿ ಮಾತಾಡಿ ಎನ್ನಿ. ಧರ್ಮೋಪದೇಶದ ಆ 2358ನೇ ಪರಿಚ್ಛೇದವನ್ನು ಪಾದ್ರಿಗಳಿಂದಲೇ ಓದಿಸಿ.

ಸರದಿ ಪಟ್ಟಿ ಬರೆಯುವಾಗ ಅವರ ಮನೆಯನ್ನು ಕೊನೆಗೆ ತಳ್ಳಬೇಡಿ. ಇಬ್ಬರೂ ಕೆಲಸಕ್ಕೆ ಹೋಗುವವರಿರಬಹುದು. ಯಾವ ದಿನ ಅನುಕೂಲ ಎಂದು ನೀವೇ ಹೋಗಿ ಕೇಳಿ, ಆ ತಾರೀಕು ಹಾಕಿ. ಆವತ್ತು ಯಾರೂ ಬರದೇ ಹೋದರೂ ನಿಮ್ಮ ಹೆಂಡತಿಯನ್ನು ಕರೆದುಕೊಂಡು ನೀವು ಹೋಗಿ.